ಇನ್ನೊಬ್ಬರ ಮನೆಯ ಕೋಳಿ

ಆ ಊರಲ್ಲಿ ಯಾರೂ ತಮ್ಮ ಕೋಳಿಯನ್ನು ತಾವು ಸಾಕುತ್ತಿರಲಿಲ್ಲ.

ಮನೆಗೊಂದು ತಳಿ ಇತ್ತು. ಮನೆಗೆ ಆ ತಳಿಯದೇ ಹೆಸರಿತ್ತು. ಕೆಂಪು ಮನೆ, ಚುಕ್ಕೆ ಮನೆ, ಗಿಡ್ಡಗಾಲಿನ ಮನೆ, ಕರಿಮೂಳೆ ಮನೆ, ಜುಟ್ಟಿನ ಮನೆ, ಬೋಳುಕತ್ತಿನ ಮನೆ. ಮನುಷ್ಯರಿಗೆ ಬೇರೆ ಹೆಸರುಗಳೂ ಇದ್ದಿರಬಹುದು, ಆದರೆ ಅವನ್ನು ಹಿಡಿದು ಕರೆಯುವ ರೂಢಿ ಇರಲಿಲ್ಲ. ಇಷ್ಟಾಗಿಯೂ ಕೆಂಪು ಮನೆಯ ಹಿತ್ತಿಲಲ್ಲಿ ಕೆಂಪು ಕೋಳಿಯನ್ನು ಹುಡುಕಿದರೆ ಒಂದು ಪುಕ್ಕವೂ ಸಿಗುತ್ತಿರಲಿಲ್ಲ. ಕೆಂಪು ಮನೆಯ ಕೋಳಿ ಇನ್ನೊಂದು ಮನೆಯಲ್ಲಿ ಬೆಳೆಯುತ್ತಿತ್ತು, ಆ ಮನೆಯ ಕೋಳಿ ಮತ್ತೊಂದರಲ್ಲಿ. ಹೀಗೆ ಒಬ್ಬರದು ಒಬ್ಬರ ಕೈಯಲ್ಲಿದ್ದು ಊರನ್ನೆಲ್ಲ ಬಳಸಿ ಬರುತ್ತಿತ್ತು. ಅದಕ್ಕೆ ಸುತ್ತು ಎಂದು ಹೆಸರು.

ಹಿಂದೆ ಯಾವುದೋ ಹಸಿವಿನ ಕಾಲದಲ್ಲಿ ಜನ ತಮ್ಮ ತಮ್ಮ ಕೋಳಿಗಳನ್ನು ಬೀಜಕ್ಕೂ ಉಳಿಸದೆ ತಿಂದು ಮುಗಿಸಿದ್ದರಂತೆ. ಆಮೇಲೆ ಹಿರಿಯರು ಕೂತು ಯೋಚಿಸಿದರು. ತನ್ನದೆಂದರೆ ಮನುಷ್ಯನಿಗೆ ಸದರ, ಇನ್ನೊಬ್ಬರದೆಂದರೆ ಸ್ವಲ್ಪವಾದರೂ ಅಂಜಿಕೆ ಇರುತ್ತದೆ ಎಂದುಕೊಂಡರು. ಅವರು ಯೋಚಿಸಿದ್ದು ಚೆನ್ನಾಗಿಯೇ ಇತ್ತು. ಅಂಜಿಕೆ ಇಲ್ಲದವನ ಕೈಗೆ ಬುಟ್ಟಿ ಹೋದರೆ ಏನು ಗತಿ ಎಂದು ಮಾತ್ರ ಅವರು ಯೋಚಿಸಲಿಲ್ಲ. ಆ ಹೊತ್ತಿಗೆ ಊಟಕ್ಕೆ ಎದ್ದುಬಿಟ್ಟರೋ ಏನೋ.

ವರ್ಷಕ್ಕೊಂದು ಸಲ, ಹುಚ್ಚೆಳ್ಳು ಹೂಬಿಟ್ಟ ಏಳನೆಯ ದಿನ, ಎಣಿಕೆ. ಪ್ರತಿ ಮನೆಯವರೂ ತಾವು ಸಾಕಿದ ಇನ್ನೊಬ್ಬರ ಕೋಳಿಯನ್ನು ಬುಟ್ಟಿಯಲ್ಲಿ ತಂದು ಊರ ನಡುವಿನ ಹಾಸುಗಲ್ಲಿನ ಮೇಲೆ ಇಡಬೇಕು. ಮೂರು ಜೀವ. ಒಂದು ಹುಂಜ, ಒಂದು ಹೇಂಟೆ, ಆ ವರ್ಷ ಮೊಟ್ಟೆಯೊಡೆದು ಬಂದ ಒಂದು ಮರಿ. ಮೂರೂ ಸರಿಯಿದ್ದರೆ ಎಣಿಸುವವನು "ಮನೆ ನಿಂತಿತು" ಎನ್ನುತ್ತಾನೆ, ಊರೆಲ್ಲ "ನಿಂತಿತು" ಎನ್ನುತ್ತದೆ. ಮೂರರಲ್ಲಿ ಒಂದು ಕಮ್ಮಿಯಾದರೆ, ಇಲ್ಲವೇ ತಳಿಯ ಗುರುತು ಕೆಟ್ಟಿದ್ದರೆ, "ಮನೆ ಎದ್ದಿತು." ಏಳುವುದು ಸಾಕಿದವರ ಮನೆಯಲ್ಲ, ಕೋಳಿ ಯಾರದೋ ಅವರ ಮನೆ. ಅವತ್ತೇ ಆ ಮನೆಯ ಬಾಗಿಲ ಚೌಕಟ್ಟನ್ನು ಕಿತ್ತು ಹೊರಗೆ ಇಡುತ್ತಾರೆ. ಕೀಳುವಾಗ ಮನೆಗೊಂದು ಕೈ ಬೀಳಲೇಬೇಕು. ಕೈ ಹಾಕದವರ ಮನೆಯೂ ಎದ್ದಂತೆಯೇ. ಎದ್ದ ಮನೆಯವರು ಚೌಕಟ್ಟನ್ನು ಹೊತ್ತುಕೊಂಡು ಊರು ಬಿಡಬೇಕು. ಬಾಗಿಲು ಹೋದ ಗೋಡೆಗಳ ನಡುವೆ ಮಳೆ ಬಂದು ಹೋಗುತ್ತದೆ, ನಾಯಿ ಬಂದು ಮಲಗುತ್ತದೆ, ಮೂರು ವರ್ಷಕ್ಕೆ ಅಲ್ಲೊಂದು ಮನೆ ಇತ್ತೆಂಬುದೂ ಮರೆಯುತ್ತದೆ.

ಒಂದು ಕಾಲಕ್ಕೆ ಹತ್ತೊಂಬತ್ತು ಮನೆ ಇದ್ದವು. ಈಗ ಹನ್ನೊಂದು.

ಇನ್ನೂ ಒಂದು ಕಟ್ಟಳೆ ಇತ್ತು. ತಮ್ಮ ಕೋಳಿಯನ್ನು ಸಾಕುವವರ ಹತ್ತಿರ ಆ ಕೋಳಿಯ ಸುದ್ದಿ ಎತ್ತುವ ಹಾಗಿಲ್ಲ. ಸಾಕುವವರೂ ಹೇಳುವ ಹಾಗಿಲ್ಲ. ಮುಟ್ಟುವ ಮಾತಂತೂ ದೂರವೇ ಉಳಿಯಿತು. ತನ್ನ ಮನೆಯ ಹೆಸರು ಹೊತ್ತ ಕೋಳಿಯನ್ನು ಮನುಷ್ಯ ವರ್ಷಕ್ಕೊಂದು ಸಲ, ಹತ್ತು ಮಾರು ದೂರದಿಂದ, ಹಾಸುಗಲ್ಲಿನ ಮೇಲೆ ನೋಡಬೇಕು. ಅಷ್ಟೇ.

ಜುಟ್ಟಿನ ಮನೆಯಾಕೆ ಸಾಕುತ್ತಿದ್ದದ್ದು ಬೋಳುಕತ್ತಿನ ಮನೆಯ ಕೋಳಿಗಳನ್ನು. ಅವಳ ಮನೆಯ ಜುಟ್ಟಿನ ಕೋಳಿಗಳು ಎಣಿಸುವವನ ಹಿತ್ತಿಲಲ್ಲಿ ಬೆಳೆಯುತ್ತಿದ್ದವು. ಈ ಎರಡು ಸಂಗತಿ ನೆನಪಿದ್ದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಮದುವೆಯಾಗಿ ಬಂದ ಹೊಸದರಲ್ಲಿ ಆ ಕೋಳಿಗಳನ್ನು ಕಂಡರೆ ಅವಳಿಗೆ ಅಸಹ್ಯವಾಗುತ್ತಿತ್ತು. ಮೈತುಂಬ ಪುಕ್ಕ, ತಲೆಯ ಮೇಲೆ ಸಣ್ಣ ಟೋಪಿಯ ಹಾಗೆ ಒಂದಿಷ್ಟು, ನಡುವೆ ಕತ್ತು ಮಾತ್ರ ಬರಿ ಚರ್ಮ. ಕೆಂಪಗೆ, ಸುಕ್ಕುಸುಕ್ಕಾಗಿ, ಯಾರೋ ಅರ್ಧ ಪುಕ್ಕ ಕಿತ್ತು ಕೆಲಸ ಮರೆತು ಎದ್ದುಹೋದಂತೆ. ಮೊದಲ ದಿನ ಅತ್ತೆ ಬುಟ್ಟಿ ಕೈಗೆ ಕೊಟ್ಟಾಗ ಅವಳು ಮುಖ ತಿರುಗಿಸಿದ್ದಳು. "ನೋಡು, ನೋಡು," ಎಂದಿದ್ದರು ಅತ್ತೆ. "ಚೆಂದ ಇದ್ದಿದ್ರೆ ಯಾರ್ ಬೇಕಾದ್ರೂ ಸಾಕೋರು."

ಇಪ್ಪತ್ತೆರಡು ವರ್ಷ ಸಾಕಿದಳು. ಬೆಳಗ್ಗೆ ಗೂಡಿನ ಹಲಗೆ ಸರಿಸುವಾಗ "ನಮ್ಮದಲ್ಲ, ಜೋಪಾನ" ಎನ್ನುತ್ತಾರೆ ಆ ಊರಲ್ಲಿ, ಅವಳೂ ಅನ್ನುತ್ತಿದ್ದಳು. ನುಚ್ಚು ಹಾಕುವಾಗ "ನಮ್ಮದಲ್ಲ, ಜೋಪಾನ." ಸಂಜೆ ಒಂದೊಂದನ್ನೇ ಎಣಿಸಿ ಒಳಗೆ ಬಿಡುವಾಗ ಮತ್ತೆ ಅದೇ. ಮರಿಗಳಿಗೆಂದು ಹಳೆ ಮಡಕೆಯಲ್ಲಿ ಸಗಣಿ, ಹುಲ್ಲು ತುಂಬಿ ಹುತ್ತದ ಪಕ್ಕ ಬೋರಲು ಹಾಕಿ ಬರುತ್ತಿದ್ದಳು, ಮಾರನೆಯ ದಿನ ಮಡಕೆ ತುಂಬ ಗೆದ್ದಲು. ಚಳಿಗಾಲದಲ್ಲಿ ಆ ಬರಿಗತ್ತುಗಳಿಗೆ ಗಾಳಿ ತಾಗದಿರಲೆಂದು ಗೂಡಿಗೆ ಗೋಣಿತಾಟು ಕಟ್ಟುತ್ತಿದ್ದಳು. ಅಸಹ್ಯ ಯಾವಾಗ ಹೋಯಿತೋ ಅವಳಿಗೂ ಗೊತ್ತಿಲ್ಲ. ಒಂದು ದಿನ ಕಾಯಿಲೆಯ ಹೇಂಟೆಯೊಂದಕ್ಕೆ ಔಷಧ ಕುಡಿಸುತ್ತ ಅದರ ಕತ್ತನ್ನು ಅಂಗೈಯಲ್ಲಿ ಹಿಡಿದಿದ್ದಳು. ಪುಕ್ಕದ ಅಡ್ಡಿಯಿಲ್ಲದೆ ಅದರ ಜೀವ ನೇರವಾಗಿ ಕೈಗೆ ಬಡಿಯುತ್ತಿತ್ತು. ಆಮೇಲೆ ಬೇರೆ ಯಾವ ಕೋಳಿಯನ್ನು ಮುಟ್ಟಿದರೂ ಅವಳಿಗೆ ಏನೋ ಮುಚ್ಚಿಟ್ಟ ಹಾಗೆ ಅನಿಸುತ್ತಿತ್ತು.

ಊರಿನಲ್ಲಿ ಮಾತು ಶುರುವಾದದ್ದು ಯಾವಾಗ ಎಂದು ಹೇಳುವುದು ಕಷ್ಟ. ಬೋಳುಕತ್ತಿನ ಮನೆಯವರು ಸುತ್ತಿನೊಳಗೆ ಎಲ್ಲರಿಗಿಂತ ಕಡೆಯಲ್ಲಿ ಸೇರಿದವರು, ಅವರ ಮನೆ ಕೆರೆಯ ಕಡೆಯ ಅಂಚಿನಲ್ಲಿತ್ತು. ಅವರು ಜೋರಾಗಿ ನಗುತ್ತಾರೆ ಎಂದರು ಒಬ್ಬರು. ಅವರ ಒಲೆಯ ಹೊಗೆ ನಮ್ಮ ಕಡೆಗೇ ಬರುತ್ತದೆ ಎಂದರು ಇನ್ನೊಬ್ಬರು. ಎದುರು ಬಂದರೆ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾರೆ ಎಂದರು ಮತ್ತೊಬ್ಬರು. ನೋಡದೆ ಹೋದರೆ ಸೊಕ್ಕು ಎಂದರು. ಆ ಕೋಳಿ ಕಂಡರೆ ಊಟ ಸೇರುವುದಿಲ್ಲ ಎಂದವರಂತೂ ಎಲ್ಲ ಮನೆಯಲ್ಲೂ ಇದ್ದರು. ಕೋಳಿಯ ಕತ್ತಿನ ಮೇಲಿದ್ದ ಸಿಟ್ಟು ಸದ್ದಿಲ್ಲದೆ ಮನುಷ್ಯರ ಕತ್ತಿಗೆ ಬಂದು ಕೂತಿತು.

ಒಂದು ದಿನ ಎಣಿಸುವವನು ಜುಟ್ಟಿನಾಕೆಯ ಹಿತ್ತಿಲಿಗೆ ಬಂದ. ಎಣಿಸುವವನದು ಕೆಂಪು ಮನೆ. ಮೆತ್ತಗಿನ ಮನುಷ್ಯ, ಯಾರನ್ನೂ ಗದರಿಸಿದವನಲ್ಲ, ಮಕ್ಕಳನ್ನು ಕಂಡರೆ ಬಗ್ಗಿ ಮಾತಾಡಿಸುವವನು. ಕೋಳಿಗಳನ್ನು ನೋಡುತ್ತ ನಿಂತ.

"ಏನವ್ವ, ಚೆಂದಾಗಿ ಸಾಕಿದ್ದೀಯ."

"ಇನ್ನೊಬ್ರವು ಅಲ್ವಾಣ್ಣ," ಎಂದಳು ಅವಳು. "ಚೆಂದಾಗೇ ಸಾಕ್ಬೇಕು."

"ಅದೂ ನಿಜಾನೇ. ನಿಮ್ ಜುಟ್ಟಿನವೂ ನಮ್ಮನೇಲಿ ಚೆಂದಾಗವೆ. ಆದ್ರೆ ಯಾಕೋ ಈ ಸಲ ಮೊಟ್ಟೆ ಕಮ್ಮಿ ಕಣವ್ವ."

ಹೇಳಬಾರದ ಮಾತು ಅದು. ಕೇಳಬಾರದ ಮಾತನ್ನು ಅವಳು ಕೇಳಿಸಿಕೊಂಡೂ ಆಗಿತ್ತು.

"ಹೆದರ್ಕೋಬ್ಯಾಡ," ಎಂದ ಅವನು. "ವರ್ಷಕ್ಕೊಂದು ಮರಿ ತಾನೇ ಬೇಕಿರೋದು, ಆಗ್ತದೆ. ಮನಸ್ಸಿಟ್ಟು ನೋಡ್ಕೊಂಡ್ರೆ ಯಾಕಾಗಲ್ಲ. ನೋಡು, ಪಕ್ಕದ ಹಿತ್ತಿಲಲ್ಲಿ ಸಾಕಿರೋ ನಮ್ಮನೆ ಕೆಂಪು ಹುಂಜ ಬೇಲಿ ಹತ್ರ ಬಂದು ಬಂದು ಕೂಗ್ತದೆ. ಪಾಪ, ಅದಕ್ಕೂ ಈ ಕಡೆ ಬರೋ ಆಸೆ. ನೀ ಆ ಬೇಲಿ ತಟ್ಟೀನ ನಾಕು ದಿನ ಪಕ್ಕಕ್ಕೆ ಇಡು. ಕೊಲ್ಲು ಅಂತ ನಾನು ಅಂದಿಲ್ಲ ತಾಯಿ, ಕೊಲ್ಲೋದು ಪಾಪ. ಮರಿ ಕತ್ತಿನಾಗೆ ಪುಕ್ಕ ಕಂಡ್ರೆ, ಅದು ಯಾವ ಮನೇದು ಅಂತ ನಾನಾದ್ರೂ ಹೆಂಗೆ ಹೇಳ್ಲಿ?"

ಹೋಗುವಾಗ ಅವಳ ಕೋಳಿಗಳ ಮುಂದೆ ಒಂದು ಹಿಡಿ ರಾಗಿ ಚೆಲ್ಲಿ ಹೋದ. ತಾನೇ ತಂದಿದ್ದ ರಾಗಿ.

ಗಂಡನಿಗೆ ಹೇಳಿದಳು. ಅವನು ಒಳ್ಳೆಯವನೇ, ಆದರೆ ಕಷ್ಟ ಬಂದಾಗ ಮಾತಿನ ಸಂದಿಯಲ್ಲಿ ನುಸುಳಿ ಆಚೆ ಹೋಗುವ ಅಭ್ಯಾಸ ಅವನದು. "ನಾವೇನು ಕೊಲ್ತಾ ಇದೀವಾ?" ಎಂದ. "ಒಂದು ತಟ್ಟಿ ಸರಿಸ್ತೀವಿ. ಗಾಳಿಗೂ ಬೀಳೋ ತಟ್ಟಿ ಅದು. ಕೋಳಿ ಕೋಳಿ ಸೇರೋದಕ್ಕೆ ಮನುಷ್ಯ ಏನ್ ಮಾಡಕ್ಕಾಗ್ತದೆ?"

ಎರಡು ದಿನ ಅವಳು ಬೇಲಿಯ ಕಡೆ ನೋಡಲಿಲ್ಲ. ಮೂರನೆಯ ದಿನ ಬಿದಿರ ತಟ್ಟಿಯನ್ನು ತಾನೇ ಎತ್ತಿ ಗೋಡೆಗೆ ಒರಗಿಸಿದಳು. ಒರಗಿಸಿ, "ಗಾಳಿಗೆ ಬಿತ್ತು" ಎಂದು ಯಾರೂ ಕೇಳದಿದ್ದರೂ ಜೋರಾಗಿ ಹೇಳಿದಳು.

ಕೆಂಪು ಹುಂಜ ಮಧ್ಯಾಹ್ನದ ಹೊತ್ತಿಗೆ ಒಳಗೆ ಬಂತು. ಮುದಿ ಬೋಳುಕತ್ತಿನ ಹುಂಜ ಅಡ್ಡ ನಿಂತಿತು. ಅದರ ಕತ್ತಿಗೆ ಪುಕ್ಕದ ಕಾವಲು ಇಲ್ಲ, ಮೊದಲ ಏಟಿಗೇ ರಕ್ತ. ಅವಳು ಸೌದೆಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಕೋಲು ಎಸೆದಿದ್ದರೆ ಸಾಕಿತ್ತು. ಎಸೆಯಲಿಲ್ಲ. ಮುದಿ ಹುಂಜ ಕುಂಟುತ್ತ ಬಂದು ಅವಳ ಕಾಲ ಬುಡದಲ್ಲಿ ಕೂತಿತು. ಅವಳು ರಕ್ತ ಒರೆಸಿ ಅರಿಸಿನ ಹಚ್ಚಿದಳು. ಹಚ್ಚುವಾಗ "ನಮ್ಮದಲ್ಲ, ಜೋಪಾನ" ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಗೆ ಬಂತು, ಅರ್ಧಕ್ಕೆ ನುಂಗಿದಳು.

ಮೊಟ್ಟೆಗಳನ್ನು ಇದ್ದಿಲಿನಲ್ಲಿ ಗುರುತು ಮಾಡಿ, ಬೂದಿ ಹಾಸಿದ ಬುಟ್ಟಿಯಲ್ಲಿಟ್ಟು, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆ ಸೇರಿಸಿ ಹೇಂಟೆಯನ್ನು ಕಾವಿಗೆ ಕೂರಿಸಿದಳು. ಇಪ್ಪತ್ತೊಂದು ದಿನ. ಐದು ಮರಿ ಒಡೆದವು. ಒಂದೊಂದನ್ನೇ ಎತ್ತಿ ನೋಡಿದಳು. ಐದೂ ಬೋಳುಕತ್ತು! ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ಹೆದರಿಕೆಯೂ ಆಯಿತು. ಆ ತಳಿಯ ರಕ್ತವೇ ಹಟದ್ದು, ಯಾವ ಹುಂಜ ಸೇರಿದರೂ ಕತ್ತು ಬಿಟ್ಟುಕೊಡುವುದಿಲ್ಲ. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಪ್ರತಿ ಮರಿಯ ಮುಂಗತ್ತಿನಲ್ಲಿ ಹೆಬ್ಬೆರಳಗಲದ ಒಂದು ಕುಚ್ಚು ಮೂಡಿತು. ಕೆಂಪು ಕುಚ್ಚು.

ಎಣಿಸುವವನು ಬಂದು ಒಂದು ಮರಿಯನ್ನು ಹಿಡಿದು ಕುಚ್ಚಿನ ಮೇಲೆ ಬೆರಳಾಡಿಸಿದ. "ಸಾಕವ್ವ," ಎಂದ. "ಇಷ್ಟಿದ್ರೆ ಬೇಕಾದಷ್ಟಾಯ್ತು. ನಿಮ್ಮನೇವೂ ಈಗ ಮೊಟ್ಟೆ ಹಾಕೋಕೆ ಹತ್ತವೆ." ಅವನು ಹೋದ ಮೇಲೆ ಗಂಡ ಅವತ್ತು ಎರಡು ತುತ್ತು ಜಾಸ್ತಿ ಉಂಡ.

ಅವಳಿಗೆ ಉಣ್ಣಲಾಗಲಿಲ್ಲ. ಕೆರೆಗೆ ಬಟ್ಟೆ ಒಗೆಯಲು ಹೋದಾಗ ಬೋಳುಕತ್ತಿನ ಮನೆಯ ಹಿರಿಯಳು ಆಗಲೇ ಅಲ್ಲಿದ್ದಳು. ಜುಟ್ಟಿನಾಕೆಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ತೋಳಿನಲ್ಲಿ ಗಂಡಸಿನ ಕಸುವು. ವಾಪಸ್ಸು ಹೋಗಿಬಿಡೋಣ ಎನಿಸಿತು, ಆದರೆ ಅವಳು ನೋಡಿಬಿಟ್ಟಿದ್ದಳು.

"ಬಾರೆ ತಂಗ್ಯವ್ವ, ಈ ಸೀರೆ ತುದಿ ಹಿಡ್ಕೋ."

ಇಬ್ಬರೂ ಒಂದೊಂದು ತುದಿ ಹಿಡಿದು ಒದ್ದೆ ಸೀರೆಯನ್ನು ಹಿಂಡಿದರು. ಒಬ್ಬಳು ಬಲಕ್ಕೆ ತಿರುಚಿದಳು, ಇನ್ನೊಬ್ಬಳು ಎಡಕ್ಕೆ. ಹಿರಿಯಳು ಹಿಂಡುತ್ತಲೇ ಹೇಳಿದಳು. "ನಮ್ಮನೇಲಿ ಎಲ್ರೂ ಕೇಳ್ತಾರೆ, ಊರು ಹಿಂಗೆ ಮಾತಾಡ್ತಾ ಐತೆ, ನಿಂಗೆ ಹೆದ್ರಿಕೆ ಆಗಲ್ವಾ ಅಂತ. ಆಗ್ತದೆ ಅಂದೆ. ಆದ್ರೆ ಅಲ್ಲಿ ಜುಟ್ಟಿನ ಮನೆ ತಂಗ್ಯವ್ವ ಇದ್ದಾಳಲ್ಲ ಅಂದೆ. ಅಷ್ಟೇ ಕಣೆ. ಬ್ಯಾರೇನೂ ಕೇಳಲ್ಲ ನಾನು, ಕೇಳಬಾರ್ದು."

ಸೀರೆಯಿಂದ ಇನ್ನು ನೀರು ಬರುತ್ತಿರಲಿಲ್ಲ. ಜುಟ್ಟಿನಾಕೆ ತಿರುಚುತ್ತಲೇ ಇದ್ದಳು.

"ಬಿಡೆ, ಸೀರೆ ಹರೀತದೆ," ಎಂದು ನಕ್ಕಳು ಹಿರಿಯಳು. ನಿಜ, ಅವರು ಜೋರಾಗಿಯೇ ನಗುತ್ತಿದ್ದರು.

ಮನೆಗೆ ಬಂದವಳೇ ಜುಟ್ಟಿನಾಕೆ ಕೆಂಪು ಹುಂಜವನ್ನು ಆಚೆ ಅಟ್ಟಿ, ತಟ್ಟಿಯನ್ನು ಎತ್ತಿ ಬೇಲಿಗೆ ಇಟ್ಟು ತೆಂಗಿನ ಹಗ್ಗದಲ್ಲಿ ಮೂರು ಸುತ್ತು ಬಿಗಿದಳು. ಕಟ್ಟಿದ ಮಾತ್ರಕ್ಕೆ ಆಗುವ ಕೆಲಸವಲ್ಲ ಅದು. ಹುಂಜ ದೂರವಾದರೂ ಅದರ ಬೀಜ ಹೇಂಟೆಯ ಒಳಗೆ ಇಪ್ಪತ್ತು ದಿನ ಉಳಿಯುತ್ತದೆ, ಸಾಕುವವರಿಗೆ ಇದು ಗೊತ್ತು. ಎಲ್ಲಕ್ಕಿಂತ ಹಳೆಯ ಹೇಂಟೆಯೊಂದನ್ನು ಬೇರೆ ಗೂಡಿಗೆ ಹಾಕಿ, ಅದು ಇಟ್ಟ ಮೊಟ್ಟೆಗಳನ್ನೆಲ್ಲ ಒಂದು ತಿಂಗಳು ನಾಯಿಗೆ ಒಡೆದು ಹಾಕಿದಳು. ತಿಂಗಳಾದ ಮೇಲೆ ಮುದಿ ಹುಂಜವನ್ನು ಅದರ ಜೊತೆ ಬಿಟ್ಟಳು. ಹುಂಜಕ್ಕೆ ಕಾಲು ಊರಲು ಬರುತ್ತಿರಲಿಲ್ಲ. ನೆನೆಸಿದ ಹುರುಳಿ ತಿನ್ನಿಸಿದಳು, ಕಾಲಿಗೆ ಬೇವಿನೆಣ್ಣೆ ನೀವಿದಳು, ಬೈದಳು, ಮುದ್ದು ಮಾಡಿದಳು.

ಆರು ಮೊಟ್ಟೆ ಸಿಕ್ಕವು. ಕಾವಿಗಿಟ್ಟ ಏಳನೆಯ ದಿನ ಕತ್ತಲೆ ಕೋಣೆಯಲ್ಲಿ, ಹೆಂಚಿನ ತೂತಿನಿಂದ ಬೀಳುವ ಬಿಸಿಲ ಕೋಲಿಗೆ ಒಂದೊಂದನ್ನೇ ಹಿಡಿದು ನೋಡಿದಳು. ಮೊದಲನೆಯದು ಖಾಲಿ ಬೆಳಕು. ಎರಡನೆಯದೂ ಹಾಗೆಯೇ. ಐದು ಖಾಲಿ. ಆರನೆಯದರಲ್ಲಿ ಕೆಂಪು ಎಳೆಗಳು ಬೇರಿನ ಹಾಗೆ ಹರಡಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಅವಳು ಆ ಕೋಣೆಯಲ್ಲೇ ಕೂತು ಅತ್ತುಬಿಟ್ಟಳು. ಎಣಿಕೆಗೆ ಇನ್ನು ಮೂವತ್ತು ದಿನ ಇತ್ತು.

ಗಂಡ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಎಲ್ಲ ಅರ್ಥವಾಯಿತು.

"ನಮ್ಮನೆ ಚೌಕಟ್ಟು ಹೋಗ್ತದೆ," ಎಂದ.

"ಗೊತ್ತು."

"ನಮ್ಮಪ್ಪ ಕೆತ್ತಿಸಿದ ಚೌಕಟ್ಟು ಅದು. ಯಾರಿಗೋಸ್ಕರ ಹಿಂಗೆ ಮಾಡ್ತಿದ್ದೀಯ? ಅವ್ರೇನು ನಮ್ಮ ನೆಂಟ್ರಾ?"

"ಅಲ್ಲ."

"ನಮಗೇನಾದ್ರೂ ಮಾಡವ್ರಾ ಯಾವತ್ತಾದ್ರೂ?"

"ಇಲ್ಲ."

"ಮತ್ತೆ?"

"ಅವ್ರ ಕೋಳಿ ನನ್ನ ಹತ್ರ ಅವೆ," ಎಂದಳು ಅವಳು. ಬೇರೆ ಕಾರಣ ಹುಡುಕಿದಳು, ಸಿಗಲಿಲ್ಲ.

ಅವತ್ತಿನಿಂದ ಅವನು ಅವಳು ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದ. ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋಗುತ್ತಿದ್ದ. ಮರಿ ಒಡೆದು ಹೊರಬಂದ ದಿನ ಸಂಜೆ ಅವಳು ಹಿತ್ತಿಲಿಗೆ ಹೋದರೆ ಗೂಡಿನ ಪಕ್ಕ ಒಂದು ಮಡಕೆ ಇತ್ತು, ತುಂಬ ಗೆದ್ದಲು. ಹುತ್ತದ ಮಣ್ಣು ಇನ್ನೂ ಅವನ ಮೊಣಕೈಗೆ ಅಂಟಿತ್ತು. ಒಂಟಿ ಮರಿಗೆ ಇಬ್ಬರೂ ಕೂತು ಗೆದ್ದಲು ಹಾಕಿದರು. ಅದರ ಕತ್ತು ಬರಿದಾಗಿತ್ತು. ಏಳು ದಿನಕ್ಕೂ ಬರಿದಾಗಿತ್ತು, ಎಂಟಕ್ಕೂ. ಹತ್ತನೆಯ ದಿನ ಗಂಡ ಅದನ್ನು ಎತ್ತಿ ಹಿಡಿದು ಮುಂಗತ್ತನ್ನು ಕೂಲಂಕಷವಾಗಿ ನೋಡಿ, "ಕುಚ್ಚು ಇಲ್ಲ ಕಣೆ," ಎಂದ. ಹೇಳಿ ಗಂಡಸು ಮುಖ ಮುಚ್ಚಿಕೊಂಡ.

ಕುಚ್ಚಿನ ಮರಿಗಳನ್ನು ಅವರು ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದರು. ಎಣಿಸುವವನು ದಾರಿಯಲ್ಲಿ ಹೋಗುತ್ತ ಅವನ್ನು ನೋಡಿ ತಲೆಯಾಡಿಸಿ ಹೋಗುತ್ತಿದ್ದ. ಒಂಟಿ ಮರಿಯ ಸುದ್ದಿ ಅವನಿಗೆ ಗೊತ್ತಾಗದಿದ್ದರೆ ತಮ್ಮ ಜುಟ್ಟಿನ ಮರಿಯೂ ಹಾಸುಗಲ್ಲಿಗೆ ಬಂದೀತು, ಎರಡು ಮನೆಯೂ ನಿಂತಾವು ಎಂದು ಅವಳಿಗೆ ಆಸೆ. ಆಸೆಯೇನು, ಯಾರಿಗಾದರೂ ಇರುತ್ತದೆ.

ಎಣಿಕೆಯ ದಿನ ಹೊಲಗಳೆಲ್ಲ ಹಳದಿಯಾಗಿದ್ದವು. ಹನ್ನೊಂದು ಬುಟ್ಟಿ ಹಾಸುಗಲ್ಲಿನ ಸುತ್ತ ಕೂತಿದ್ದವು. ಎಣಿಸುವವನು ಬಿಳಿ ಪಂಚೆ ಉಟ್ಟು ಒಂದೊಂದೇ ಮನೆಯ ಹೆಸರು ಕೂಗಿದ. ಚುಕ್ಕೆ ಮನೆ ನಿಂತಿತು. ಕರಿಮೂಳೆ ಮನೆ ನಿಂತಿತು. ಗಿಡ್ಡಗಾಲಿನ ಮನೆ ನಿಂತಿತು. ಊರು ಪ್ರತಿ ಸಲವೂ "ನಿಂತಿತು" ಎಂದಿತು.

"ಬೋಳುಕತ್ತಿನ ಮನೆ."

ಆ ಮನೆಯವರು ಹತ್ತು ಮಾರು ದೂರದಲ್ಲಿ ಸಾಲಾಗಿ ನಿಂತಿದ್ದರು. ಹಿರಿಯಳು, ಅವಳ ಪಕ್ಕ ಮಗಳು, ಮಗಳ ಸೆರಗಿನೊಳಗೆ ಇನ್ನೂ ತಲೆ ನಿಲ್ಲದ ಕೂಸು. ಜುಟ್ಟಿನಾಕೆ ಬುಟ್ಟಿಯ ಮುಚ್ಚಳ ತೆಗೆದಳು. ಕುಂಟ ಹುಂಜ. ಹಳೆಯ ಹೇಂಟೆ. ಅಂಗೈಯಗಲದ ಮರಿ.

ಎಣಿಸುವವನು ನಗುತ್ತಲೇ ಮರಿಯನ್ನು ಎತ್ತಿಕೊಂಡು ಹೆಬ್ಬೆರಳನ್ನು ಮುಂಗತ್ತಿನ ಮೇಲೆ ಇಟ್ಟ. ಬೆರಳು ನಿಂತಿತು. ಮತ್ತೊಮ್ಮೆ ಆಡಿಸಿದ. ಬಿಸಿಲಿಗೆ ಹಿಡಿದ, ಬಾಯಿಂದ ಉಫ್ ಎಂದು ಊದಿದ. ಏಳಲು ಅಲ್ಲಿ ಒಂದು ಎಳೆ ಪುಕ್ಕವೂ ಇರಲಿಲ್ಲ. ಅವನು ತಲೆಯೆತ್ತಿ ಅವಳನ್ನು ನೋಡಿದ. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ, ಅಯ್ಯೋ ಇಷ್ಟೇನಾ ನೀನು ಎಂಬ ಬೇಸರವಿತ್ತು.

"ಮನೆ ನಿಂತಿತು," ಎಂದ.

"ನಿಂತಿತು," ಎಂದಿತು ಊರು, ಬಾಯಿ ಪೂರ್ತಿ ತೆರೆಯದೆ. ಬೋಳುಕತ್ತಿನ ಮನೆಯವರು ಮಾತ್ರ ಗಟ್ಟಿಯಾಗಿ ಹೇಳಿದರು.

ಕಡೆಗೆ ಅವನು ತನ್ನದೇ ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡ. "ಜುಟ್ಟಿನ ಮನೆ," ಎಂದು ಕೂಗಿ ಮುಚ್ಚಳ ತೆಗೆದ. ಒಳಗೆ ಒಂದೇ ಹೇಂಟೆ. ಬಿಳಿ ಜುಟ್ಟು ಅರಳಿಸಿಕೊಂಡು ಬೆಳಕಿಗೆ ಕಣ್ಣು ಮಿಟುಕಿಸಿತು.

"ಹುಂಜ ಮುಂಗುಸಿ ಪಾಲಾಯ್ತು," ಎಂದ ಅವನು. "ಹೇಂಟೆ ಕಾವಿಗೆ ಕೂರ್ಲಿಲ್ಲ. ನನ್ ಕೈಲಾದ್ದೆಲ್ಲ ಮಾಡ್ದೆ. ಹೊಟ್ಟೆಗೆ ಹಾಕ್ಕೋಬೇಕು ತಾಯಿ." ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. "ಮನೆ ಎದ್ದಿತು."

"ಎದ್ದಿತು," ಎಂದಿತು ಊರು. ಈ ಸಲ ಬಾಯಿ ತೆರೆದೇ ಹೇಳಿತು.

ಜುಟ್ಟಿನ ಮನೆಯ ಚೌಕಟ್ಟು ಸುಲಭಕ್ಕೆ ಬರಲಿಲ್ಲ. ಹಾರೆ ಹಾಕಿ ಮಣ್ಣು ಸಡಿಲಿಸಿ ಮನೆಗೊಂದು ಕೈ ಹಿಡಿದು ಎಳೆದರು. ಹತ್ತು ಕೈ ಆಗಬೇಕಿತ್ತು, ಒಂಬತ್ತು ಬಿದ್ದಿದ್ದವು. ಎಲ್ಲರೂ ಬೋಳುಕತ್ತಿನ ಮನೆಯ ಹಿರಿಯಳ ಕಡೆ ತಿರುಗಿದರು. ಅವಳು ಕೂಸಿನ ಕಡೆ ಒಮ್ಮೆ ನೋಡಿ, ನಡೆದು ಬಂದು, ಆ ಕಸುವಿನ ತೋಳು ಚಾಚಿ ಚೌಕಟ್ಟಿಗೆ ಕೈ ಹಾಕಿದಳು. ಜುಟ್ಟಿನಾಕೆಗೆ ಅದರಿಂದ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋವಾಯಿತು. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದೂ ಹೊಳೆಯಿತು. ಚೌಕಟ್ಟು ಕಿತ್ತುಬಂತು. ಗಂಡ ಅದರ ಒಂದು ಮಗ್ಗುಲನ್ನು ಹೆಗಲಿಗೇರಿಸಿ, ಇನ್ನು ಊರಿಗೆ ಬೇಡವಾದ ಜುಟ್ಟಿನ ಹೇಂಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ.

ಆಗ ಎಣಿಸುವವನು ಅವಳ ಮುಂದೆ ಬಂದು ಎರಡೂ ಕೈ ಚಾಚಿದ.

ಅವಳಿಗೆ ಒಂದು ಗಳಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸುತ್ತು ಮುರಿಯಬಾರದು. ಎದ್ದ ಮನೆಯವರು ಸಾಕುತ್ತಿದ್ದ ಕೋಳಿ, ಆ ಎದ್ದ ಮನೆಯ ಕೋಳಿಯನ್ನು ಯಾರು ಸಾಕುತ್ತಿದ್ದರೋ ಅವರ ಕೈಗೆ ಹೋಗಬೇಕು. ಎಂಟು ಸಲ ಎಂಟು ಮನೆ ಏಳುವಾಗ ಹೀಗೆಯೇ ಬುಟ್ಟಿ ಕೈ ಬದಲಾಗಿತ್ತು. ತನ್ನ ಮನೆ ಹೋಗುವುದನ್ನು ಅವಳು ತಿಂಗಳುಗಟ್ಟಲೆ ನೆನೆದಿದ್ದಳು, ಚೌಕಟ್ಟು ಎಷ್ಟು ಭಾರವಿರಬಹುದು ಎಂದೂ ಯೋಚಿಸಿದ್ದಳು. ಇದೊಂದನ್ನು ಮಾತ್ರ ಯೋಚಿಸಿರಲಿಲ್ಲ. ಬೋಳುಕತ್ತಿನ ಕೋಳಿಗಳನ್ನು ಉಳಿಸಿ ಉಳಿಸಿ, ಕಡೆಗೆ ಅವನ್ನು ಇದೇ ಕೈಗೆ ಕೊಡಲು ಅವಳು ಮನೆ ಕಳೆದುಕೊಂಡಿದ್ದಳು.

"ಕೊಡವ್ವ," ಎಂದ ಎಣಿಸುವವನು ಮೆತ್ತಗೆ. "ಹೊತ್ತಾಗ್ತದೆ ನಿಮಗೆ."

ಅವಳು ಬುಟ್ಟಿಯನ್ನು ಎದೆಗವಚಿಕೊಂಡಳು. ಕೊಟ್ಟರೆ ಮುಂದಿನ ಎಣಿಕೆಗೆ ಆ ಮನೆ ಏಳುತ್ತದೆ. ಕೊಡದೆ ಹೊತ್ತುಕೊಂಡು ಹೋದರೆ ಇವತ್ತೇ ಏಳುತ್ತದೆ, ಆದರೆ ಕೋಳಿ ಬದುಕುತ್ತವೆ. ಯಾವುದು ಸರಿ ಎಂದು ಹೇಳುವ ಹಿರಿಯರು ಯಾರೂ ಉಳಿದಿರಲಿಲ್ಲ. ಅವಳು ತಿರುಗಿ ಸೀದಾ ಬೋಳುಕತ್ತಿನ ಮನೆಯ ಹಿರಿಯಳ ಹತ್ತಿರ ನಡೆದಳು. ಗುಂಪು ಅವಳಿಗೆ ದಾರಿ ಬಿಟ್ಟು ಗುಜುಗುಜು ಎಂದಿತು. ಹಾಗೆ ಯಾರೂ ಮಾಡಿರಲಿಲ್ಲ.

"ಅಕ್ಕ, ಇವು ನಿನ್ ಕೋಳಿ," ಎಂದಳು. "ನೀನೇ ಹೇಳು. ಏನ್ ಮಾಡ್ಲಿ?"

ಹಿರಿಯಳು ಬುಟ್ಟಿಯೊಳಗೆ ನೋಡಿದಳು. ಇಷ್ಟು ಹತ್ತಿರದಿಂದ ಅವಳು ತನ್ನ ಮನೆಯ ಕೋಳಿಯನ್ನು ನೋಡಿದ್ದು ಅದೇ ಮೊದಲು. ಕೈ ಇಳಿಸಿ ಹೇಂಟೆಯ ಬರಿಗತ್ತನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ತಕ್ಷಣ ತೆಗೆಯಲಿಲ್ಲ.

"ಬಿಸಿಯಾಗೈತೆ," ಎಂದಳು.

"ಅವನ ಹತ್ರ ಇವು ಉಳಿಯಲ್ಲ ಅಕ್ಕ."

"ಗೊತ್ತು ಕಣೆ." ಅವಳು ದನಿ ತಗ್ಗಿಸಲಿಲ್ಲ, ಎಲ್ಲರಿಗೂ ಕೇಳಿಸಿತು. "ಆದ್ರೂ ಕೊಟ್ಬಿಡು. ಒಂದು ವರ್ಷ ಸಿಕ್ತದೆ. ಅಷ್ಟೊತ್ತಿಗೆ ನಮ್ ಕೂಸು ನಡೆಯೋದು ಕಲ್ತಿರ್ತದೆ. ಅದನ್ನ ಎತ್ಕೊಳ್ಳೋ ಕೈ ಚೌಕಟ್ಟು ಹೊರೋಕೆ ಆಗ್ತದೆ."

ಜುಟ್ಟಿನಾಕೆ ಹಿಂತಿರುಗಿ ಹೋಗಿ ಬುಟ್ಟಿಯನ್ನು ಎಣಿಸುವವನ ಕೈಗೆ ಕೊಟ್ಟಳು.